ವಿಂಡೋಸ್ ರಿಪೇರಿ ಆದ ಮೇಲೆ ಪೆನ್‌ಡ್ರೈವ್ ಕಾಣ್ತಿಲ್ವಾ? ಫಾರ್ಮ್ಯಾಟ್ ಒತ್ತುವ ಮೊದಲು ಇದನ್ನು ಓದಿ

ಕಂಪ್ಯೂಟರ್ ಕೈಕೊಟ್ಟಿತ್ತು. ವಿಂಡೋಸ್ ರಿಪೇರಿ ಆಯ್ತು. ಈಗ ಎಲ್ಲಾ ಸರಿಯಾಗಿ ಓಡ್ತಿದೆ, ಆದರೆ ಪೆನ್‌ಡ್ರೈವ್ ಚುಚ್ಚಿದರೆ ಏನೂ ಆಗುತ್ತಿಲ್ಲ. ಇಲ್ಲವೇ 'ಟುಣ್' ಅಂತ ಸದ್ದು ಬರುತ್ತದೆ, ದಿಸ್ ಪಿಸಿ ತೆರೆದು ನೋಡಿದರೆ ಅಲ್ಲಿ ಡ್ರೈವ್ ಇಲ್ಲ. ಇನ್ನೂ ಕೆಲವರಿಗೆ 'ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು' ಅಂತ ಒಂದು ಕಿಟಕಿ ತೆರೆದುಕೊಳ್ಳುತ್ತದೆ.

ಆ ಕಿಟಕಿ ಬಂದರೆ ಕ್ಯಾನ್ಸಲ್ ಒತ್ತಿ. ಯೋಚನೆಯೇ ಬೇಡ. ನಿನ್ನೆವರೆಗೆ ಚೆನ್ನಾಗಿದ್ದ ಪೆನ್‌ಡ್ರೈವ್ ವಿಂಡೋಸ್ ರಿಪೇರಿ ಆದ ದಿನವೇ ಕಾಣದಾದರೆ, ಹೆಚ್ಚಿನ ಸಲ ತಪ್ಪು ವಿಂಡೋಸ್ ಕಡೆ ಇರುತ್ತದೆ, ಪೆನ್‌ಡ್ರೈವ್ ಕಡೆ ಅಲ್ಲ. ಒಳಗಿನ ಫೋಟೋ, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್, ಡಿಟಿಪಿ ಫೈಲ್ ಎಲ್ಲಾ ಇದ್ದಲ್ಲೇ ಇರುತ್ತವೆ. ವಿಂಡೋಸಿಗೆ ಅವನ್ನು ತಲುಪುವ ದಾರಿ ತಪ್ಪಿದೆ, ಅಷ್ಟೇ. ಆ ದಾರಿ ಎಲ್ಲಿ ಕಡಿದಿದೆ ಅಂತ ಹುಡುಕಿ ಅಲ್ಲಿ ಮಾತ್ರ ಕೈ ಹಾಕಬೇಕು. ಸಿಕ್ಕ ಸಿಕ್ಕ ಉಪಾಯವನ್ನೆಲ್ಲಾ ಒಟ್ಟಿಗೇ ಮಾಡಿ, ಕೊನೆಗೆ ಸರಿಯಾಗಿದ್ದೂ ಹಾಳಾಗಿ ಕೂತವರನ್ನು ನೋಡಿ ನೋಡಿ ಬೇಜಾರಾಗಿಯೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11ಕ್ಕೆ. ವಿಂಡೋಸ್ 7 ಇಟ್ಟುಕೊಂಡವರಿಗೂ ನಡುವೆ ಒಂದು ಮಾತಿದೆ.

ಮೊದಲು ಐದು ನಿಮಿಷದ ಪರೀಕ್ಷೆ

ಅದೇ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ. ಬೇರೆ ಕಂಪ್ಯೂಟರ್ ಇಲ್ವಾ? ಓಟಿಜಿ ಕೇಬಲ್ ಇದ್ದರೆ ಆಂಡ್ರಾಯ್ಡ್ ಫೋನಿಗೂ ಹಾಕಬಹುದು. ಅಲ್ಲಿ ಫೈಲುಗಳು ಕಂಡರೆ ಮೊದಲ ಕೆಲಸ ಕಾಪಿ ಮಾಡಿಕೊಳ್ಳುವುದು. ಬೇಕಾದ ಫೈಲುಗಳನ್ನು ಫೋನಿಗೋ ಇನ್ನೊಂದು ಕಂಪ್ಯೂಟರಿಗೋ ಇಳಿಸಿ ಇಟ್ಟರೆ ಮುಂದಿನ ಯಾವ ಹೆಜ್ಜೆಯಲ್ಲೂ ಕೈ ನಡುಗುವುದಿಲ್ಲ. ಅಲ್ಲೂ ಕಾಣಲಿಲ್ಲ ಅಂದರೆ ತೊಂದರೆ ಪೆನ್‌ಡ್ರೈವಿನದ್ದೇ ಇರಬಹುದು. ಆಗ ನೇರವಾಗಿ ಕೊನೆಯ ಭಾಗಕ್ಕೆ ಹೋಗಿ. ಒಂದು ವಿಷಯ ನೆನಪಿರಲಿ. ವಿಂಡೋಸಿನ ಎನ್‌ಟಿಎಫ್‌ಎಸ್ ಮಾದರಿಯಲ್ಲಿರುವ ಹಾರ್ಡ್‌ಡಿಸ್ಕನ್ನು ಬಹಳಷ್ಟು ಫೋನುಗಳು ಓದುವುದಿಲ್ಲ, ಹಾಗಾಗಿ ಫೋನಿನಲ್ಲಿ ಬರಲಿಲ್ಲ ಅಂತ ತಕ್ಷಣ ಗಾಬರಿ ಬೀಳಬೇಡಿ.

ಎರಡನೆಯದು, ಅದೇ ಪೋರ್ಟಿಗೆ ಯುಎಸ್‌ಬಿ ಮೌಸ್ ಹಾಕಿ. ಮೌಸ್ ಓಡಿದರೆ ಪೋರ್ಟಿಗೆ ಕರೆಂಟ್ ಬರುತ್ತಿದೆ, ಪೋರ್ಟುಗಳನ್ನು ನಡೆಸುವ ಯುಎಸ್‌ಬಿ ಕಂಟ್ರೋಲರ್ ಕೆಲಸ ಮಾಡ್ತಿದೆ ಅಂತ ಅರ್ಥ. ಸಾಧನವನ್ನು ಓಡಿಸುವ ಸಾಫ್ಟ್‌ವೇರಿಗೆ ಡ್ರೈವರ್ ಅನ್ನುತ್ತಾರೆ. ಮೌಸಿಗೆ ಬೇರೆ ಡ್ರೈವರ್, ಪೆನ್‌ಡ್ರೈವಿಗೆ ಬೇರೆ ಡ್ರೈವರ್. ಹಾಗಾಗಿ ಮೌಸ್ ಓಡಿ ಪೆನ್‌ಡ್ರೈವ್ ಮಾತ್ರ ಬರದಿದ್ದರೆ ಸ್ಟೋರೇಜ್ ಕಡೆಗಷ್ಟೇ ಗಮನ ಕೊಡಿ. ಮೌಸೂ ಓಡದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್, ರಿಜಿಸ್ಟ್ರಿ ಅಂತ ತಲೆ ಕೆಡಿಸಿಕೊಳ್ಳುವುದು ದಂಡ. ಚಿಪ್‌ಸೆಟ್ ಡ್ರೈವರಿನ ಭಾಗಕ್ಕೆ ಹೋಗಿ.

ಮೂರನೆಯದು ಎಲ್ಲರೂ ಬಿಟ್ಟುಬಿಡುವ ವಿಷಯ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಸಾಲದು, ರೀಸ್ಟಾರ್ಟ್ ಅಂತಲೇ ಒತ್ತಬೇಕು. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸಿನ ಒಳಭಾಗವನ್ನು, ಡ್ರೈವರ್‌ಗಳ ಸ್ಥಿತಿಯ ಸಮೇತ, ಡಿಸ್ಕಿನಲ್ಲಿ ಬರೆದಿಟ್ಟು ಮತ್ತೆ ಆನ್ ಮಾಡಿದಾಗ ಅದನ್ನೇ ಎತ್ತಿಕೊಳ್ಳುತ್ತದೆ. ಕೆಟ್ಟ ಸ್ಥಿತಿ ಹಾಗೇ ವಾಪಸ್ ಬರುತ್ತದೆ. ರೀಸ್ಟಾರ್ಟಿನಲ್ಲಿ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ.

ಡೆಸ್ಕ್‌ಟಾಪ್ ಆಗಿದ್ದರೆ ಮುಂದಿನ ಪೋರ್ಟ್ ಬಿಟ್ಟು ಹಿಂಭಾಗದ ಪೋರ್ಟಿಗೆ ಹಾಕಿ ನೋಡಿ. ರಿಪೇರಿಗೆ ಅಂತ ಕ್ಯಾಬಿನೆಟ್ ಬಿಚ್ಚಿದ್ದರೆ ಮುಂದಿನ ಪೋರ್ಟುಗಳ ಕೇಬಲ್ ಮದರ್‌ಬೋರ್ಡಿನಿಂದ ಕಳಚಿರುವ ಸಾಧ್ಯತೆ ಇದೆ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಆದರೆ ಕರೆಂಟೂ ಮುಖ್ಯ. ಯುಎಸ್‌ಬಿ 2 ಪೋರ್ಟ್ 500 ಮಿಲಿಆಂಪಿಯರ್ ಕೊಡುತ್ತದೆ, ಯುಎಸ್‌ಬಿ 3 ಪೋರ್ಟ್ 900. ಡಿಸ್ಕ್ 'ಟಿಕ್ ಟಿಕ್' ಅಂತ ಸದ್ದು ಮಾಡಿ ನಿಲ್ಲುತ್ತಿದ್ದರೆ ಕರೆಂಟ್ ಸಾಲುತ್ತಿಲ್ಲದೆ ಇರಬಹುದು, ಡಿಸ್ಕೇ ಸೋಲುತ್ತಿರಲೂಬಹುದು. ಹಬ್ ತೆಗೆದು ಚಿಕ್ಕ ಕೇಬಲಿನಲ್ಲಿ ನೇರವಾಗಿ ಸಿಕ್ಕಿಸಿ. ಆಗಲೂ ಅದೇ ಸದ್ದು ಬಂದರೆ ಕಿತ್ತು ಪಕ್ಕಕ್ಕಿಡಿ.

ಡಿಸ್ಕ್ ಮ್ಯಾನೇಜ್‌ಮೆಂಟ್: ಇಲ್ಲಿ ನಿಧಾನವಾಗಿ ನೋಡಿ

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ. ಬರುವ ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಇರುತ್ತದೆ. ತೆರೆದ ಮೇಲೆ ಪೆನ್‌ಡ್ರೈವ್ ಚುಚ್ಚಿ, ಕೆಳಗಿನ ಅರ್ಧದಲ್ಲಿ ಹೊಸ ಸಾಲು ಬರುತ್ತದಾ ಅಂತ ನೋಡಿ. ಡಿಸ್ಕ್ 0 ಅಂದರೆ ಸಾಮಾನ್ಯವಾಗಿ ನಿಮ್ಮ ಕಂಪ್ಯೂಟರಿನ ಸ್ವಂತ ಡಿಸ್ಕ್. ಅದನ್ನು ಮುಟ್ಟಬೇಡಿ. ಪೆನ್‌ಡ್ರೈವ್ 'ರಿಮೂವಬಲ್' ಅಂತ ಬರುತ್ತದೆ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಮಾತ್ರ 'ಬೇಸಿಕ್' ಅಂತಲೇ ತೋರಿಸುತ್ತದೆ, ಒಳಗಿನ ಡಿಸ್ಕಿನ ಹಾಗೆಯೇ. ಆದ್ದರಿಂದ ಎಷ್ಟು ಜಿಬಿ ಅಂತ ನೋಡಿ ಗುರುತು ಹಿಡಿಯಿರಿ.

ಸಾಲು ಬಂದಿದೆ, ನೀಲಿ ಪಟ್ಟಿ ಇದೆ, 'ಹೆಲ್ದಿ' ಅಂತಲೂ ಬರೆದಿದೆ, ಆದರೆ ಇ, ಎಫ್ ಅಂತ ಯಾವ ಅಕ್ಷರವೂ ಇಲ್ಲ ಅನ್ನಿ. ಹಾಗಿದ್ದರೆ ನಿಮ್ಮ ಸಮಸ್ಯೆ ಇಲ್ಲಿಗೇ ಮುಗೀತು. ಮನೆ ಇದೆ, ಬಾಗಿಲ ಮೇಲೆ ನಂಬರ್ ಇಲ್ಲ, ಅದಕ್ಕೇ ಪೋಸ್ಟ್‌ಮನ್ ವಾಪಸ್ ಹೋಗುತ್ತಿದ್ದಾನೆ. ಯಾವ ಡ್ರೈವಿಗೆ ಯಾವ ಅಕ್ಷರ ಅನ್ನುವ ಲೆಕ್ಕವನ್ನು ವಿಂಡೋಸ್ ರಿಜಿಸ್ಟ್ರಿ ಅನ್ನುವ ತನ್ನ ಸೆಟ್ಟಿಂಗುಗಳ ಕಡತದಲ್ಲಿ ಇಟ್ಟುಕೊಂಡಿರುತ್ತದೆ, ರಿಪೇರಿಯಲ್ಲಿ ಆ ಲೆಕ್ಕ ಹೊಸದಾಗಿ ಬರೆಯಲ್ಪಟ್ಟಾಗ ಹೀಗೆ ಆಗುವುದುಂಟು. ನೀಲಿ ಪಟ್ಟಿಯ ಕೆಳಗಿನ ಬಿಳಿ ಭಾಗದ ಮೇಲೆ ರೈಟ್ ಕ್ಲಿಕ್ ಮಾಡಿ, 'ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್' ಆರಿಸಿ, 'ಆ್ಯಡ್' ಒತ್ತಿ, ಒಂದು ಅಕ್ಷರ ಕೊಡಿ. ಆಫೀಸಿನ ನೆಟ್‌ವರ್ಕ್ ಡ್ರೈವುಗಳಿದ್ದರೆ ಅವು ಹಿಡಿದಿಟ್ಟುಕೊಂಡ ಅಕ್ಷರ ಬಿಟ್ಟು ಪಿ, ಆರ್ ಹೀಗೆ ಯಾರೂ ಬಳಸದ್ದನ್ನು ಕೊಡುವುದು ಒಳ್ಳೆಯದು.

ಒಂದು ಪೆನ್‌ಡ್ರೈವಿಗೆ ಅಕ್ಷರ ಕೊಟ್ಟಿರಿ, ಕಂಡಿತು. ಮತ್ತೊಂದನ್ನು ಹಾಕಿದರೆ ಮತ್ತೆ ಅದೇ ಕತೆ. ಹಾಗಾದರೆ ಹೊಸ ಡ್ರೈವುಗಳಿಗೆ ತಾನಾಗಿ ಅಕ್ಷರ ಕೊಡುವ ಆಟೋಮೌಂಟ್ ಅನ್ನುವ ಸೌಲಭ್ಯವೇ ಆಫ್ ಆಗಿರುತ್ತದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. 'ಡಿಸ್ಕ್‌ಪಾರ್ಟ್' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ, ನಂತರ 'ಆಟೋಮೌಂಟ್ ಎನೇಬಲ್' ಅಂತ ಟೈಪ್ ಮಾಡಿ ಎಂಟರ್, ಆಮೇಲೆ 'ಎಕ್ಸಿಟ್'. ಇಷ್ಟು ಮಾಡಿ ರೀಸ್ಟಾರ್ಟ್ ಮಾಡಿ. ಡಿಸ್ಕ್‌ಪಾರ್ಟಿನೊಳಗೆ 'ಕ್ಲೀನ್' ಅನ್ನುವ ಆಜ್ಞೆಯೂ ಇದೆ. ಹೆಸರು ಕೇಳಿದರೆ ಏನೋ ಒಳ್ಳೆಯದು ಅನ್ನಿಸುತ್ತದೆ, ಅದು ಪಾರ್ಟಿಷನ್, ಅಂದರೆ ಡಿಸ್ಕಿನೊಳಗಿನ ಭಾಗಗಳ, ಲೆಕ್ಕವನ್ನೇ ಅಳಿಸಿಹಾಕುತ್ತದೆ. ಎಷ್ಟೋ ವಿಡಿಯೋಗಳಲ್ಲಿ ಅದನ್ನು ಟೈಪ್ ಮಾಡಿ ಅಂತ ಹೇಳಿಕೊಡುತ್ತಾರೆ, ಫೈಲು ಬೇಕು ಅಂದರೆ ಮಾಡಬೇಡಿ.

ಸಾಲಿನಲ್ಲಿ 'ಆಫ್‌ಲೈನ್' ಅಂತ ಇದ್ದರೆ ಎಡಗಡೆಯ ಡಿಸ್ಕ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಆನ್‌ಲೈನ್' ಆರಿಸಿ. 'ರಾ' ಅಂತ ಬಂದರೆ ಒಳಗಿನ ಫೈಲ್ ಸಿಸ್ಟಂ, ಅಂದರೆ ಫೈಲುಗಳನ್ನು ಜೋಡಿಸಿಟ್ಟಿರುವ ಕ್ರಮ, ವಿಂಡೋಸಿಗೆ ಅರ್ಥವಾಗುತ್ತಿಲ್ಲ. ಅದು ಮ್ಯಾಕ್ ಅಥವಾ ಲಿನಕ್ಸಿನಲ್ಲಿ ಫಾರ್ಮ್ಯಾಟ್ ಆದ ಡಿಸ್ಕ್ ಆಗಿದ್ದರೆ ಹಾಗೆ ಕಾಣಬಹುದು, ಡಿಸ್ಕಿಗೆ ಏನೂ ಆಗಿರುವುದಿಲ್ಲ. ಮೊದಲಿನಿಂದ ವಿಂಡೋಸಿನಲ್ಲೇ ಬಳಸಿದ್ದಾದರೆ ಮಾತ್ರ ಚಿಂತೆಯ ವಿಷಯ. 'ನಾಟ್ ಇನಿಷಿಯಲೈಸ್ಡ್' ಅಂತ ತೋರಿಸಿ ಎಂಬಿಆರ್ ಬೇಕಾ ಜಿಪಿಟಿ ಬೇಕಾ ಅಂತ ಕೇಳಿದರೂ ಅಲ್ಲೇ ನಿಲ್ಲಿ, ಓಕೆ ಒತ್ತಬೇಡಿ. ಇವೆರಡಕ್ಕೂ ಕೊನೆಯ ಭಾಗದಲ್ಲಿ ದಾರಿ ಹೇಳಿದ್ದೇನೆ.

ಸಾಲೇ ಬರಲಿಲ್ಲ ಅಂದರೆ ವಿಂಡೋಸ್ ಇನ್ನೂ ಪೆನ್‌ಡ್ರೈವನ್ನು ಡಿಸ್ಕ್ ಅಂತ ಒಪ್ಪಿಕೊಂಡೇ ಇಲ್ಲ. ಮುಂದಕ್ಕೆ ಹೋಗೋಣ.

ಡಿವೈಸ್ ಮ್ಯಾನೇಜರಿನ ನಂಬರುಗಳು

ಅದೇ ಸ್ಟಾರ್ಟ್ ಬಟನ್, ಅದೇ ರೈಟ್ ಕ್ಲಿಕ್, ಈ ಸಲ ಡಿವೈಸ್ ಮ್ಯಾನೇಜರ್. 'ಯುನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್' ಅನ್ನುವ ಸಾಲನ್ನು ಬಿಚ್ಚಿ. ಪೆನ್‌ಡ್ರೈವ್ ಸರಿಯಾಗಿ ಹತ್ತಿದ್ದರೆ ಅಲ್ಲಿ 'ಯುಎಸ್‌ಬಿ ಮಾಸ್ ಸ್ಟೋರೇಜ್ ಡಿವೈಸ್' ಅಂತ ಬರಬೇಕು, ಜೊತೆಗೆ 'ಡಿಸ್ಕ್ ಡ್ರೈವ್ಸ್' ಕೆಳಗೆ ಅದರ ಹೆಸರು ಬರಬೇಕು. ಹೊಸ ಎಸ್‌ಎಸ್‌ಡಿ ಡಬ್ಬಿಗಳು ಬಹಳಷ್ಟು ಬೇರೆ ಡ್ರೈವರ್ ಬಳಸುತ್ತವೆ. ಅವು 'ಸ್ಟೋರೇಜ್ ಕಂಟ್ರೋಲರ್ಸ್' ಕೆಳಗೆ 'ಯುಎಸ್‌ಬಿ ಅಟ್ಯಾಚ್ಡ್ ಸ್ಕಸಿ' ಅಂತ ಕಾಣುತ್ತವೆ. ಎಸ್‌ಎಸ್‌ಡಿ ಓಡುತ್ತದೆ, ಪೆನ್‌ಡ್ರೈವ್ ಓಡಲ್ಲ ಅನ್ನುವ ವಿಚಿತ್ರ ಪರಿಸ್ಥಿತಿ ಇದರಿಂದಲೇ ಬರುವುದು, ಎರಡಕ್ಕೂ ಡ್ರೈವರ್ ಬೇರೆ ಬೇರೆ.

ಹಳದಿ ತ್ರಿಕೋನ ಇದ್ದರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ, 'ಡಿವೈಸ್ ಸ್ಟೇಟಸ್' ಅನ್ನುವಲ್ಲಿ ಒಂದು ಕೋಡ್ ನಂಬರ್ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಜನ ಈ ನಂಬರನ್ನು ಓದುವುದೇ ಇಲ್ಲ, ಆದರೆ ಅರ್ಧ ಕೆಲಸ ಅದರಲ್ಲೇ ಇದೆ. ಕೋಡ್ 28 ಅಂದರೆ ಡ್ರೈವರ್ ಇನ್‌ಸ್ಟಾಲ್ ಆಗಿಲ್ಲ. 39 ಬಂದರೆ ಡ್ರೈವರ್ ಫೈಲ್ ಕೆಟ್ಟಿದೆ ಅಥವಾ ಇಲ್ಲವೇ ಇಲ್ಲ. 19 ಅಂದರೆ ರಿಜಿಸ್ಟ್ರಿಯಲ್ಲಿರುವ ಆ ಸಾಧನದ ಲೆಕ್ಕ ಅರೆಬರೆ ಆಗಿದೆ. 22 ಅಂದರೆ ಯಾರೋ ಡಿಸೇಬಲ್ ಮಾಡಿದ್ದಾರೆ, ರೈಟ್ ಕ್ಲಿಕ್ ಮಾಡಿ ಎನೇಬಲ್ ಅಂದರೆ ಆಯ್ತು. 43 ಮಾತ್ರ ಬೇರೆ ಥರ. ಸಾಧನವೇ ತೊಂದರೆ ಇದೆ ಅಂತ ಹೇಳಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ ಅಂತ ಅದರ ಅರ್ಥ. ಬೇರೆ ಕಂಪ್ಯೂಟರಿನಲ್ಲೂ 43 ಬಂದರೆ ಪೆನ್‌ಡ್ರೈವ್ ಹೋಗಿರಬಹುದು, ಇಲ್ಲಿ ಮಾತ್ರ ಬಂದರೆ ಪೋರ್ಟ್ ಅಥವಾ ಡ್ರೈವರ್.

28, 39, 43 ಯಾವುದೇ ಬಂದರೂ ಮೊದಲು ಮಾಡಬೇಕಾದ್ದು ಒಂದೇ. ಮೇಲಿನ 'ವ್ಯೂ' ಮೆನುವಿನಲ್ಲಿ 'ಶೋ ಹಿಡನ್ ಡಿವೈಸಸ್' ಆನ್ ಮಾಡಿ. ಹಿಂದೆ ಎಂದೋ ಚುಚ್ಚಿದ್ದ ಪೆನ್‌ಡ್ರೈವುಗಳ ಮಂಕಾದ ಸಾಲುಗಳು ಕಾಣುತ್ತವೆ. ಮಾಸ್ ಸ್ಟೋರೇಜ್ ಅಂತಿರುವ ಮಂಕು ಸಾಲುಗಳನ್ನೂ, ಹಳದಿ ಗುರುತು ಇರುವುದನ್ನೂ ಒಂದೊಂದಾಗಿ ರೈಟ್ ಕ್ಲಿಕ್ ಮಾಡಿ 'ಅನ್‌ಇನ್‌ಸ್ಟಾಲ್ ಡಿವೈಸ್' ಕೊಡಿ. ಪೆನ್‌ಡ್ರೈವ್ ಕಿತ್ತು, ರೀಸ್ಟಾರ್ಟ್ ಮಾಡಿ, ಮತ್ತೆ ಚುಚ್ಚಿ. ವಿಂಡೋಸ್ ಅದನ್ನು ಹೊಸ ಸಾಧನ ಅಂದುಕೊಂಡು ಡ್ರೈವರನ್ನು ಮೊದಲಿನಿಂದ ಹಾಕುತ್ತದೆ.

ಅದಕ್ಕೂ ಬಗ್ಗದಿದ್ದರೆ ಹೋಸ್ಟ್ ಕಂಟ್ರೋಲರ್‌ಗಳನ್ನೇ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡುವ ದಾರಿ ಇದೆ. ಇದನ್ನು ಮಾಡುವಾಗ ಯುಎಸ್‌ಬಿ ಮೌಸ್, ಕೀಬೋರ್ಡ್ ಎರಡೂ ಅಲ್ಲೇ ಸತ್ತುಹೋಗುತ್ತವೆ, ಅದು ಸಹಜ. ಮೊದಲೇ ಎಲ್ಲಾ ಕೆಲಸ ಸೇವ್ ಮಾಡಿಕೊಂಡಿರಿ. ರೀಸ್ಟಾರ್ಟ್ ಒತ್ತಲಾಗದಿದ್ದರೆ ಪವರ್ ಬಟನನ್ನು ಆಫ್ ಆಗುವವರೆಗೆ ಒತ್ತಿ ಹಿಡಿದು ಮತ್ತೆ ಆನ್ ಮಾಡಿ. ವಿಂಡೋಸ್ ಏಳುವಾಗ ಕಂಟ್ರೋಲರ್‌ಗಳನ್ನು ತಾನೇ ಹಾಕಿಕೊಳ್ಳುತ್ತದೆ.

ಒಮ್ಮೆ ಬಂದು ಒಮ್ಮೆ ಮಾಯವಾಗುವ ಡ್ರೈವ್ ಆದರೆ, ಅಲ್ಲೇ 'ಯುಎಸ್‌ಬಿ ರೂಟ್ ಹಬ್' ಮೇಲೆ ಡಬಲ್ ಕ್ಲಿಕ್ ಮಾಡಿ, 'ಪವರ್ ಮ್ಯಾನೇಜ್‌ಮೆಂಟ್' ಹಾಳೆಯಲ್ಲಿ ಕರೆಂಟ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ರಿಪೇರಿ ಈ ಸೆಟ್ಟಿಂಗನ್ನು ಮೊದಲಿನ ಸ್ಥಿತಿಗೆ ತಂದಿರಬಹುದು.

ಚಿಪ್‌ಸೆಟ್ ಡ್ರೈವರ್ ಮತ್ತು ವಿಂಡೋಸ್ 7ರ ವಿಷಯ

ಯಾವ ಯುಎಸ್‌ಬಿ ಸಾಧನವೂ ಓಡುತ್ತಿಲ್ಲ ಅಂದರೆ ಲ್ಯಾಪ್‌ಟಾಪ್ ಅಥವಾ ಮದರ್‌ಬೋರ್ಡ್ ಕಂಪನಿಯ ವೆಬ್‌ಸೈಟಿಗೆ ಹೋಗಿ, ನಿಮ್ಮ ಮಾಡೆಲ್ ನಂಬರ್ ಹಾಕಿ, ಮದರ್‌ಬೋರ್ಡಿನ ಮುಖ್ಯ ಚಿಪ್‌ಗಳನ್ನು ನಡೆಸುವ ಚಿಪ್‌ಸೆಟ್ ಡ್ರೈವರ್ ಇಳಿಸಿ ಹಾಕಿ. 'ಎಲ್ಲಾ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ' ಅಂತ ಹೇಳಿಕೊಳ್ಳುವ ಸಾಫ್ಟ್‌ವೇರ್ ಬೇಡ. ರಿಪೇರಿಯ ಜೊತೆ ಬಯಾಸ್ (ವಿಂಡೋಸಿಗೂ ಮೊದಲು ಏಳುವ ಮದರ್‌ಬೋರ್ಡಿನ ಸೆಟ್ಟಿಂಗ್) ಕೂಡ ರೀಸೆಟ್ ಆಗಿದ್ದರೆ ಅದರೊಳಗೆ ಯುಎಸ್‌ಬಿ ಪೋರ್ಟ್ ಡಿಸೇಬಲ್ ಆಗಿದೆಯಾ ಅಂತಲೂ ಒಮ್ಮೆ ನೋಡಿ.

ವಿಂಡೋಸ್ 7 ಹಾಕಿಸಿಕೊಂಡವರಿಗೆ: ಅದರಲ್ಲಿ ಯುಎಸ್‌ಬಿ 3ರ ಡ್ರೈವರೇ ಇಲ್ಲ. ಆ ಬೆಂಬಲ ವಿಂಡೋಸ್ 8ರಿಂದ ಒಳಗೇ ಬಂತು. 2015ರಲ್ಲಿ ಬಂದ ಇಂಟೆಲ್‌ನ ಆರನೇ ಪೀಳಿಗೆಯ ಪ್ರೊಸೆಸರುಗಳ ಚಿಪ್‌ಸೆಟ್‌ಗಳಿಂದ ಹಳೆಯ ಯುಎಸ್‌ಬಿ 2 ಕಂಟ್ರೋಲರನ್ನೇ ತೆಗೆದುಹಾಕಿದರು. ಅಂಥ ಕಂಪ್ಯೂಟರಿಗೆ ಯಾರೋ ಹಳೆ ಸಿಡಿಯಿಂದ ವಿಂಡೋಸ್ 7 ಹಾಕಿಕೊಟ್ಟರೆ ಒಂದು ಪೋರ್ಟೂ ಓಡುವುದಿಲ್ಲ. ಪೆನ್‌ಡ್ರೈವಿನಲ್ಲಿ ಡ್ರೈವರ್ ತಂದು ಹಾಕೋಣ ಅಂದರೆ ಪೆನ್‌ಡ್ರೈವೇ ಹತ್ತುವುದಿಲ್ಲ! ಸಿಡಿ ಅಥವಾ ಇಂಟರ್ನೆಟ್ ಕೇಬಲ್ ಮೂಲಕ ತರಬೇಕಾಗುತ್ತದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿದೆ, ಆದ್ದರಿಂದ ಇಷ್ಟು ಕಷ್ಟಪಡುವ ಬದಲು ಹೊಸ ವಿಂಡೋಸ್ ಅಥವಾ ಲಿನಕ್ಸ್ ಹಾಕಿಸುವುದೇ ಸರಿ ಅಂತ ನನ್ನ ಅಭಿಪ್ರಾಯ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡ್ತೀನಿ. ರಿಪೇರಿ ಮಾಡುವ ನೀಲಿ ಪರದೆಯಲ್ಲೇ, ಅಂದರೆ ರಿಕವರಿ ಎನ್‌ವಿರಾನ್‌ಮೆಂಟಿನಲ್ಲಿ, ಮೌಸ್ ಕೀಬೋರ್ಡ್ ಓಡದೆ ಸಿಕ್ಕಿಕೊಂಡವರೂ ಇದ್ದಾರೆ. 2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್ ಇದಕ್ಕೆ ಕಾರಣವಾಗಿತ್ತು, ಮೈಕ್ರೋಸಾಫ್ಟ್ ಅದೇ ತಿಂಗಳು 20ಕ್ಕೆ ತುರ್ತು ಅಪ್‌ಡೇಟ್ ಬಿಟ್ಟು ಸರಿಮಾಡಿತು. ಆ ಸಮಯದಲ್ಲಿ ರಿಪೇರಿ ಅರ್ಧಕ್ಕೆ ಬಿಟ್ಟಿದ್ದರೆ ವಿಂಡೋಸ್ ಅಪ್‌ಡೇಟ್ ಪೂರ್ತಿ ಮಾಡಿ ಮತ್ತೆ ಪ್ರಯತ್ನಿಸಿ.

ಬೇಕಂತಲೇ ಬಂದ್ ಮಾಡಿರಬಹುದು

ಆಫೀಸು, ಬ್ಯಾಂಕುಗಳಲ್ಲಿ ಪೆನ್‌ಡ್ರೈವ್ ಓಡದಂತೆ ಬೇಕೆಂದೇ ಮಾಡಿಟ್ಟಿರುತ್ತಾರೆ. ಅಂಥ ಕಡೆಯಿಂದ ಹೊರಬಿದ್ದ ಲ್ಯಾಪ್‌ಟಾಪನ್ನು ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಇನ್ನೆಲ್ಲೋ ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ಹಳೆಯ ನಿರ್ಬಂಧ ಉಳಿದಿರಬಹುದು. ಮೌಸ್ ಓಡಿ, ಯಾವ ಪೆನ್‌ಡ್ರೈವೂ ಓಡದೆ, ಹಳದಿ ಗುರುತೂ ಇಲ್ಲದಿದ್ದರೆ ಇದನ್ನು ನೋಡಿ. ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ ಮಾತ್ರ. ಆಫೀಸಿನದ್ದಾದರೆ ಅಲ್ಲಿಯ ಐಟಿಯವರನ್ನೇ ಕೇಳಿ.

ಸ್ಟಾರ್ಟಿನಲ್ಲಿ ರಿಜಿಸ್ಟ್ರಿ ಎಡಿಟರ್ ಅಂತ ಹುಡುಕಿ ತೆರೆಯಿರಿ. ಎಡಗಡೆ ಎಚ್‌ಕೀ ಲೋಕಲ್ ಮಷೀನ್, ಅದರೊಳಗೆ ಸಿಸ್ಟಂ, ಅದರೊಳಗೆ ಕರೆಂಟ್‌ಕಂಟ್ರೋಲ್‌ಸೆಟ್, ಸರ್ವಿಸಸ್, ಕೊನೆಗೆ ಯುಎಸ್‌ಬಿಸ್ಟೋರ್ ಅನ್ನುವ ಫೋಲ್ಡರ್. ಅದರ ಹೆಸರಿನಲ್ಲಿ ಕೊನೆಯ 'ಇ' ಇರುವುದಿಲ್ಲ, ಹುಡುಕುವಾಗ ಗಮನಿಸಿ. ಮೊದಲು ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ. ಬಲಗಡೆ 'ಸ್ಟಾರ್ಟ್' ಅನ್ನುವುದರ ಬೆಲೆ 3 ಇರಬೇಕು. 4 ಇದ್ದರೆ ಡ್ರೈವರ್ ಬಂದ್ ಆಗಿದೆ. 3 ಮಾಡಿ, ರೀಸ್ಟಾರ್ಟ್ ಮಾಡಿ. ಮತ್ತೆ ತಾನಾಗಿ 4 ಆಗುತ್ತಿದ್ದರೆ ಯಾವುದೋ ಸೆಕ್ಯುರಿಟಿ ಸಾಫ್ಟ್‌ವೇರ್ ಅಥವಾ ಪಾಲಿಸಿ ಅದನ್ನು ಬದಲಿಸುತ್ತಿದೆ. ವಿಂಡೋಸ್ ಪ್ರೊ ಇದ್ದವರು ಗ್ರೂಪ್ ಪಾಲಿಸಿ ಎಡಿಟರಿನಲ್ಲಿ 'ರಿಮೂವಬಲ್ ಸ್ಟೋರೇಜ್ ಆ್ಯಕ್ಸೆಸ್' ಭಾಗವನ್ನೂ ನೋಡಿ, ಅಲ್ಲಿ ಎಲ್ಲವೂ 'ನಾಟ್ ಕಾನ್ಫಿಗರ್ಡ್' ಇದ್ದರೆ ಸರಿ.

ಕೋಡ್ 19 ಅಥವಾ 39 ಬಂದವರಿಗೆ ಇಂಟರ್ನೆಟ್ಟಿನಲ್ಲಿ ಒಂದು ಸಲಹೆ ಯಾವಾಗಲೂ ಸಿಗುತ್ತದೆ: ರಿಜಿಸ್ಟ್ರಿಯಲ್ಲಿ 'ಅಪ್ಪರ್ ಫಿಲ್ಟರ್ಸ್', 'ಲೋಯರ್ ಫಿಲ್ಟರ್ಸ್' ಅಳಿಸಿಬಿಡಿ ಅಂತ. ಹಳೆಯ ಆ್ಯಂಟಿವೈರಸ್ ತನ್ನ ಹೆಸರನ್ನು ಅಲ್ಲಿ ಬಿಟ್ಟುಹೋಗಿ, ರಿಪೇರಿಯಲ್ಲಿ ಅದರ ಫೈಲ್ ಮಾತ್ರ ಅಳಿಸಿಹೋಗಿದ್ದರೆ ಈ ಸಮಸ್ಯೆ ಬರುವುದು ನಿಜ. ಆದರೆ ಡಿಸ್ಕ್ ವಿಭಾಗದಲ್ಲಿ 'ಪಾರ್ಟ್‌ಎಂಜಿಆರ್', ವಾಲ್ಯೂಮ್ ವಿಭಾಗದಲ್ಲಿ 'ವಾಲ್‌ಸ್ನ್ಯಾಪ್' ಅನ್ನುವ ಹೆಸರುಗಳು ವಿಂಡೋಸಿನದ್ದೇ. ಅವನ್ನು ಅಳಿಸಿದರೆ ಕಂಪ್ಯೂಟರ್ ಆನ್ ಆಗದೇ ಹೋಗಬಹುದು. ಅದಕ್ಕೇ ಈ ವಿಷಯದಲ್ಲಿ ರಿಜಿಸ್ಟ್ರಿಗೆ ಕೈ ಹಾಕಬೇಡಿ. ಆ ಹಳೆಯ ಆ್ಯಂಟಿವೈರಸ್ ಕಂಪನಿ ಕೊಡುವ ರಿಮೂವಲ್ ಟೂಲ್ ಓಡಿಸಿ, ಅದು ತನ್ನ ಹೆಸರನ್ನು ತಾನೇ ತೆಗೆಯುತ್ತದೆ.

ವಿಂಡೋಸ್ ಫೈಲುಗಳೇ ಕೆಟ್ಟಿದ್ದರೆ

ಇಷ್ಟಾದರೂ ಬರಲಿಲ್ಲ ಅಂದರೆ ಮೊದಲ ರಿಪೇರಿಯೇ ಪೂರ್ತಿ ಆಗಿಲ್ಲ ಅಂತ ಇಟ್ಟುಕೊಳ್ಳಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಟೈಪ್ ಮಾಡಿ: ಡಿಐಎಸ್‌ಎಂ, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಶ್ ರಿಸ್ಟೋರ್‌ಹೆಲ್ತ್. 'ರಿಸ್ಟೋರ್' ಮತ್ತು 'ಹೆಲ್ತ್' ನಡುವೆ ಜಾಗ ಬಿಡಬೇಡಿ. ಇಂಟರ್ನೆಟ್ ಇರಬೇಕು. ನಡುವೆ ಒಂದು ಕಡೆ ನಿಂತ ಹಾಗೆ ಕಾಣುತ್ತದೆ, ಕಿಟಕಿ ಮುಚ್ಚಬೇಡಿ. ಅದು ಮುಗಿದ ಮೇಲೆ ಎಸ್‌ಎಫ್‌ಸಿ, ಸ್ಪೇಸ್, ಸ್ಲ್ಯಾಶ್ ಸ್ಕ್ಯಾನ್‌ನೌ. ಈ ಕ್ರಮವೇ ಸರಿ. ಮೊದಲನೆಯದು ವಿಂಡೋಸ್ ಒಳಗಿನ ಬಿಡಿಭಾಗಗಳ ದಾಸ್ತಾನನ್ನು ಸರಿಮಾಡುತ್ತದೆ, ಎರಡನೆಯದು ಆ ದಾಸ್ತಾನಿನಿಂದ ಒಳ್ಳೆಯ ಫೈಲ್ ತಂದು ಕೆಟ್ಟ ಜಾಗದಲ್ಲಿ ಕೂರಿಸುತ್ತದೆ. ದಾಸ್ತಾನೇ ಕೆಟ್ಟಿದ್ದರೆ ಎರಡನೆಯದನ್ನು ಎಷ್ಟು ಸಲ ಓಡಿಸಿದರೂ ಸುಮ್ನೆ.

ಇದಕ್ಕೂ ಜಗ್ಗದಿದ್ದರೆ ವಿಂಡೋಸಿನ ಮೇಲೆಯೇ ವಿಂಡೋಸ್ ಹಾಕುವುದು. ಹೊಸ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿಗೆ ಹೋದರೆ ವಿಂಡೋಸ್ ಅಪ್‌ಡೇಟ್ ಮೂಲಕವೇ ರೀಇನ್‌ಸ್ಟಾಲ್ ಮಾಡುವ ಬಟನ್ ಇದೆ. ಫೈಲು, ಆ್ಯಪು, ಸೆಟ್ಟಿಂಗು ಎಲ್ಲಾ ಹಾಗೇ ಉಳಿಯುತ್ತವೆ. ಅದಿಲ್ಲದಿದ್ದರೆ ಮೈಕ್ರೋಸಾಫ್ಟ್ ಸೈಟಿನಿಂದ ಇಡೀ ವಿಂಡೋಸ್ ಇರುವ ಐಎಸ್‌ಒ ಫೈಲ್ ಇಳಿಸಿ, ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದು, ಒಳಗಿನ ಸೆಟಪ್ ಓಡಿಸಿ. ಇದಕ್ಕೆ ಪೆನ್‌ಡ್ರೈವ್ ಬೇಕಾಗಿಲ್ಲ ಅನ್ನುವುದೇ ನಮ್ಮ ಪರಿಸ್ಥಿತಿಯಲ್ಲಿ ದೊಡ್ಡ ಅನುಕೂಲ. ಏನನ್ನು ಉಳಿಸಿಕೊಳ್ಳಬೇಕು ಅಂತ ಕೇಳುವಾಗ ಫೈಲು ಮತ್ತು ಆ್ಯಪು ಎರಡೂ ಉಳಿಯುವ ಆಯ್ಕೆಗೆ ಟಿಕ್ ಇದೆಯಾ ಅಂತ ಎರಡು ಸಲ ಓದಿ.

ಪೆನ್‌ಡ್ರೈವೇ ಕೆಟ್ಟಿದೆ ಅನ್ನಿಸಿದರೆ

'ರಾ' ಅಂತ ಬಂದಿದ್ದರೆ, 'ನಾಟ್ ಇನಿಷಿಯಲೈಸ್ಡ್' ಅಂದಿದ್ದರೆ, ಬೇರೆ ಕಂಪ್ಯೂಟರಿನಲ್ಲೂ ಕಾಣದಿದ್ದರೆ ಅದರ ಮೇಲೆ ಏನನ್ನೂ ಬರೆಯಬೇಡಿ. ಒಳಗಿನ ಫೈಲು ಬೇಕು ಅಂದರೆ ಚೆಕ್‌ಡಿಸ್ಕ್ ಕೂಡ ಈಗ ಬೇಡ. ಅದು ಫೈಲ್ ಸಿಸ್ಟಮನ್ನು ಸರಿಮಾಡುವ ಭರದಲ್ಲಿ ಹಳೆಯ ಗುರುತುಗಳನ್ನು ಬದಲಿಸಿಬಿಡುತ್ತದೆ.

ಬಿಟ್‌ಲಾಕರ್, ಅಂದರೆ ವಿಂಡೋಸಿನದ್ದೇ ಬೀಗ, ಹಾಕಿದ್ದ ಡ್ರೈವ್ ಆದರೆ ಪಾಸ್‌ವರ್ಡ್ ಅಥವಾ 48 ಅಂಕಿಗಳ ರಿಕವರಿ ಕೀ ಬೇಕು. ರಿಪೇರಿಗೆ ಮೊದಲು ತಾನಾಗಿ ತೆರೆದುಕೊಳ್ಳುತ್ತಿದ್ದದ್ದು ಈಗ ಕೇಳುತ್ತಿದ್ದರೆ ಅದು ತೊಂದರೆ ಅಲ್ಲ. ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ, ಅಥವಾ ಆಗ ಪ್ರಿಂಟ್ ತೆಗೆದಿಟ್ಟ ಹಾಳೆಯಲ್ಲಿ ಕೀ ಇದೆಯಾ ನೋಡಿ. ಕೀ ಇಲ್ಲದೆ ಅದನ್ನು ಯಾವ ಅಂಗಡಿಯವರೂ ತೆರೆಯಲಾರರು.

ಪಾರ್ಟಿಷನ್ ಮಾತ್ರ ಕಳೆದುಹೋಗಿದ್ದರೆ 'ಟೆಸ್ಟ್‌ಡಿಸ್ಕ್' ಅನ್ನುವ ಉಚಿತ ಸಾಫ್ಟ್‌ವೇರ್ ಬಹಳ ಸಲ ಕೆಲಸಕ್ಕೆ ಬರುತ್ತದೆ. ಅದರ ಜೊತೆಗೇ ಬರುವ 'ಫೋಟೋರೆಕ್' ಫೈಲುಗಳನ್ನು ಹೆಕ್ಕಿ ತೆಗೆಯುತ್ತದೆ, ಆದರೆ ಫೈಲಿನ ಹೆಸರು ಉಳಿಯುವುದಿಲ್ಲ. 'ಅಕ್ಕನ ಮದುವೆ' ಅಂತ ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್ ಬರೀ ನಂಬರುಗಳ ರಾಶಿಯಾಗಿ ವಾಪಸ್ ಬರುತ್ತದೆ, ಕೂತು ಆರಿಸಬೇಕು. ಹೆಕ್ಕಿದ ಫೈಲುಗಳನ್ನು ಅದೇ ಪೆನ್‌ಡ್ರೈವಿಗೆ ಸೇವ್ ಮಾಡಬೇಡಿ, ಬೇರೆ ಡಿಸ್ಕಿಗೆ ಮಾಡಿ.

ಡಿಸ್ಕ್ ಸದ್ದು ಮಾಡುತ್ತಿದ್ದರೆ, ಅಥವಾ ಒಳಗಿರುವುದು ಮತ್ತೆಲ್ಲೂ ಸಿಗದ ವಸ್ತುವಾದರೆ, ಮನೆಯಲ್ಲಿ ಪ್ರಯೋಗ ಬೇಡ. ಡೇಟಾ ರಿಕವರಿ ಮಾಡುವವರ ಹತ್ತಿರ ಕೊಡಿ. ಕೊಡುವಾಗ ಮೂರು ಮಾತು ಕೇಳಿ: ಮೂಲ ಡಿಸ್ಕಿನ ಪೂರ್ತಿ ನಕಲು ಮಾಡಿಕೊಂಡು ಆ ನಕಲಿನ ಮೇಲೆ ಕೆಲಸ ಮಾಡುತ್ತೀರಾ, ಫೈಲು ಸಿಗದಿದ್ದರೂ ದುಡ್ಡು ಕೊಡಬೇಕಾ, ನನ್ನ ಫೈಲಿನ ಪ್ರತಿ ನಿಮ್ಮ ಹತ್ತಿರ ಉಳಿಯುತ್ತದಾ. ಮೊದಲ ಪ್ರಶ್ನೆಗೆ ಹೌದು ಅನ್ನದವರ ಹತ್ತಿರ ಡಿಸ್ಕ್ ಬಿಟ್ಟು ಬರಬೇಡಿ.